ಉಳಿಗೆ ಉಳಿದ ಮೂಲೆ

ಮೈಸೂರಿನ ಅರಮನೆಯನ್ನು ನೋಡಿದವರೆಲ್ಲರೂ ಅಂಬಾವಿಲಾಸಕ್ಕೆ ಹೋಗುವ ಬೀಟೆಮರದ ಬಾಗಿಲನ್ನು ನೋಡಿಯೇ ಇರುತ್ತಾರೆ. 1912ರಲ್ಲಿ ಪೂರ್ಣಗೊಂಡ ಆ ಅರಮನೆಯಲ್ಲಿ, ಕಪ್ಪು ಮರದೊಳಗೆ ದಂತದ ಚೂರುಗಳನ್ನು ಕೂಡಿಸಿದ ಆ ಕೆಲಸ ನಮ್ಮ ಊರಿನ ಹೆಮ್ಮೆ. ದಂತದ ವ್ಯಾಪಾರವನ್ನು ಕಾನೂನು ನಿಷೇಧಿಸಿದ ಮೇಲೆ ಬಣ್ಣಬಣ್ಣದ ಮರದ ಚೂರುಗಳೂ ಪ್ಲಾಸ್ಟಿಕ್ಕೂ ಅದರ ಸ್ಥಾನಕ್ಕೆ ಬಂದವು. ವಿಧಾನ ಮಾತ್ರ ಹಳೆಯದೇ: ಕಾಗದದ ಮೇಲೆ ಚಿತ್ರ ಬರೆಯುವುದು, ಅದನ್ನು ಮರಕ್ಕೆ ಇಳಿಸುವುದು, ಸಣ್ಣ ಗರಗಸದಿಂದ ಚೂರುಗಳನ್ನು ಕೊಯ್ಯುವುದು, ಅಷ್ಟೇ ಅಳತೆಯ ಗುಳಿಯನ್ನು ಉಳಿಯಿಂದ ತೋಡುವುದು, ಅಂಟಿನಿಂದ ಕೂಡಿಸಿ ಉಜ್ಜುವುದು.

ಅಂಥ ಕುಶಲಕರ್ಮಿಗಳ ಮನೆಯಿಂದಲೇ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಸ್ವತಃ ಒಂದು ಸಿಎನ್‌ಸಿ ರೌಟರ್ ಕಟ್ಟಲು ಯೋಜನೆ ಹಾಕಿದ್ದಾನೆ. ಕಂಪ್ಯೂಟರ್ ಕೊಡುವ ಸಂಖ್ಯೆಗಳಂತೆ ಚಲಿಸುತ್ತ ಮರವನ್ನು ಕೊರೆಯುವ ಯಂತ್ರವದು. ತಂದೆಯವರಿಗೆ ಕಣ್ಣು ಮಂಜಾಗಿದೆ. ಗುಳಿ ತೋಡುವ ಶ್ರಮವನ್ನಾದರೂ ತಪ್ಪಿಸೋಣವೆಂಬುದು ಮಗನ ಆಸೆ. ಯಂತ್ರ ಬಂದರೆ ಕೈಕೆಲಸಕ್ಕೆ ಬೆಲೆಯೇ ಇರದೆಂಬುದು ತಂದೆಯವರ ಅಳಲು. ಇಬ್ಬರೂ ನನ್ನ ಅಭಿಪ್ರಾಯ ಕೇಳಿದ್ದರಿಂದ ಈ ಯಂತ್ರದ ಚರಿತ್ರೆಯನ್ನು ಕೊಂಚ ಓದಿದೆ.

ಕೈಯ ಅರಿವನ್ನು ಸಂಕೇತಗಳಲ್ಲಿ ಬರೆದಿಡುವ ಯತ್ನ ಹೊಸದಲ್ಲ. 1804ರ ಹೊತ್ತಿಗೆ ಫ್ರಾನ್ಸಿನ ಜಕಾರ್ಡ್, ರಂಧ್ರಗಳಿದ್ದ ಕಾರ್ಡುಗಳ ಮೂಲಕ ಮಗ್ಗದಲ್ಲಿ ಚಿತ್ತಾರ ನೇಯಿಸಿದನು. ಅವನ ಹೆಸರು ದೊಡ್ಡಬಳ್ಳಾಪುರದ ನೇಕಾರರಿಗೂ ಚಿರಪರಿಚಿತ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಜಾನ್ ಪಾರ್ಸನ್ಸ್, ಹೆಲಿಕಾಪ್ಟರ್ ರೆಕ್ಕೆಯ ವಕ್ರರೇಖೆಯನ್ನು ಬಿಂದುಬಿಂದುವಾಗಿ ಲೆಕ್ಕಹಾಕಿ ಲೋಹವನ್ನು ಕೊರೆಯುವ ದಾರಿ ಹುಡುಕಿದರು. ಅಲ್ಲಿನ ವಾಯುಪಡೆಯ ನೆರವಿನಿಂದ 1952ರಲ್ಲಿ ಎಂಐಟಿ ಸಂಸ್ಥೆಯಲ್ಲಿ ಅಂಥ ಯಂತ್ರದ ಪ್ರದರ್ಶನ ನಡೆಯಿತು. ರಂಧ್ರ ಕೊರೆದ ಪಟ್ಟಿಯ ಆಜ್ಞೆಗಳನ್ನು ಓದುವ ನಿಯಂತ್ರಕವು ದೊಡ್ಡ ಕಪಾಟುಗಳನ್ನೇ ತುಂಬಿತ್ತು. 2009ರಲ್ಲಿ ಆರಂಭವಾದ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶವಾದರೋ ಅಂಗೈಯಗಲದ ಆರ್ಡುಯಿನೋ ಫಲಕದಿಂದಲೇ ಆ ಕೆಲಸ ಮಾಡಿಸಿತು. ಕಾರ್ಖಾನೆಯ ವಿದ್ಯೆ ಹೀಗೆ ಮನೆಯ ಜಗಲಿಗೆ ಇಳಿಯಿತು.

ನನ್ನ ವಿದ್ಯಾರ್ಥಿಯ ನಕ್ಷೆಯಲ್ಲಿ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಆ ಒಂದು ಸುತ್ತಿಗೆ ತಿರುಪು 5 ಮಿಲಿಮೀಟರ್ ಸರಿಸಿದರೆ, ಹೆಜ್ಜೆಯೊಂದಕ್ಕೆ 0.025 ಮಿಲಿಮೀಟರ್ ಆಯಿತು. ಆದರೆ ಚೌಕಟ್ಟು ಬಾಗಿದರೆ ಈ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ! ಮೊದಲು ಚೌಕಟ್ಟಿಗೆ ಹಣ ಹಾಕು, ವೇಗದ ಮೋಟಾರು ಆಮೇಲೆ ಎಂದೆ. ಬೀಟೆಯ ನವಿರಾದ ಧೂಳು ಉಸಿರಿಗೆ ಕೆಡುಕು; ಅದನ್ನು ಹೀರಿಕೊಳ್ಳುವ ಏರ್ಪಾಡು ನಕ್ಷೆಯಲ್ಲಿಯೇ ಇರಬೇಕು.

ತಂದೆಯವರ ಭಯ ನಿರಾಧಾರವಲ್ಲ. ಸಾಧಾರಣ ಮಾಲಿನ ಬೆಲೆಯನ್ನು ಯಂತ್ರ ಇಳಿಸೀತು. ಆದರೆ ಅದಕ್ಕೂ ಒಂದು ಮಿತಿಯುಂಟು. ತಿರುಗುವ ಬಿಟ್ಟು ದುಂಡಗಿನದು. 3 ಮಿಲಿಮೀಟರ್ ವ್ಯಾಸದ ನೇರ ಬಿಟ್ಟು, ಗುಳಿಯ ಒಳಮೂಲೆಯಲ್ಲಿ 1.5 ಮಿಲಿಮೀಟರ್ ತ್ರಿಜ್ಯದ ದುಂಡನ್ನು ಬಿಟ್ಟೇ ಬಿಡುತ್ತದೆ. ಚೂಪುಮೊನೆಯ ಬಿಟ್ಟು ಹಾಕಿದರೆ ಮೂಲೆ ಸಿಕ್ಕೀತು, ಗುಳಿಯ ಗೋಡೆ ಓರೆಯಾದೀತು. ಎಲೆಯ ತುದಿಗೆ, ಆನೆಯ ಕೊಂಬಿನ ಮೊನೆಗೆ ಉಳಿಯೇ ಬೇಕು. ಯಾವ ತುಂಡಿನ ಬಣ್ಣ ಆನೆಯ ಮೈಗೆ ಒಪ್ಪುತ್ತದೆ, ನಾರು ಯಾವ ಕಡೆ ಓಡಿದೆ ಎಂಬುದೂ ಸಂಖ್ಯೆಗಳಿಗೆ ತಿಳಿಯದು.

ಆ ಮೂಲೆಯ ವಿದ್ಯೆಯನ್ನು ಮಗ ಈಗಲೇ ಕಲಿಯಬೇಕು. ಕಣ್ಣು ಮಂಜಾದರೂ ತಂದೆಯವರ ಬೆರಳಿಗೆ ಇನ್ನೂ ಎಲ್ಲ ನೆನಪಿದೆ. ಆದುದರಿಂದ ನಕ್ಷೆಯಲ್ಲಿ ಯಂತ್ರದ ಪಕ್ಕಕ್ಕೆ, ಇಬ್ಬರೂ ಕೂತು ಉಳಿ ಹಿಡಿಯುವಷ್ಟು ಜಾಗ ಬಿಡಲು ಹೇಳಿದ್ದೇನೆ.