ಬಾಸ್ಟನ್ ಹೆಂಗಸರು ಮಾರಿದ ಮಸಿಅರಿವೆ

ಪುಣೆಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಕಥೆ ಹೋಗೋದು ಅಮೆರಿಕಕ್ಕೆ, ಆದ್ರೆ ಶುರುವಾಗೋದು ನಮ್ಮನೆ ಅಡುಗೆಕಟ್ಟೆಯಿಂದ.

ನಮ್ಮ ಸೊಸೈಟಿಯ ಕನ್ನಡದವರೆಲ್ಲ ಸೇರಿ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡ್ತೀವಿ. ಈ ಸಲ ಕ್ಲಬ್‌ಹೌಸಿನಲ್ಲಿ ನಾಲ್ಕಾರು ಸ್ಟಾಲ್ ಕೂಡ ಹಾಕಿದ್ವಿ. ಗದಗಿನಿಂದ ಬಂದಿದ್ದ ನಮ್ಮವ್ವ ಒಂದು ತಿಂಗಳು ಕೂತು, ಹಳೆ ಕಾಟನ್ ಸೀರೆ, ನನ್ನ ಹರಿದ ಜೀನ್ಸ್, ಕುರ್ತಾ ಹೊಲಿಸಿ ಉಳಿದ ತುಂಡು ಎಲ್ಲ ಜೋಡಿಸಿ, ಬಿಸಿ ಪಾತ್ರೆ ಹಿಡಿಯೋಕೆ 24 ಹೋಲ್ಡರ್ ಹೊಲಿದಳು. ಒಂದು ಗೇಣು ಚೌಕ. ಮೇಲೆ ಕೆಳಗೆ ಕಾಟನ್, ನಡುವೆ ಎರಡು ಪದರ ಹಳೆ ಟವೆಲ್, ಕೌದಿಗೆ ಹಾಕಿದ ಹಾಗೆ ಸಾಲು ಸಾಲು ಹೊಲಿಗೆ, ಮೂಲೆಯಲ್ಲಿ ಮೊಳೆಗೆ ಸಿಗಿಸೋಕೆ ಒಂದು ಕುಣಿಕೆ. ಪಾಲಿಯೆಸ್ಟರ್ ತುಂಡನ್ನು ಮಾತ್ರ ಮುಟ್ಟಲಿಲ್ಲ. "ಕಾವಿಗೆ ಕರಗಿ ಕೈಗೆ ಅಂಟತೈತಿ" ಅಂದಳು.

ನಾನು 50 ರೂಪಾಯಿ ಅಂತ ಚೀಟಿ ಅಂಟಿಸಿದೆ. ಅವ್ವ ನಕ್ಕಳು. "ಮಸಿಅರಿವಿಗೆ ಐವತ್ತು ರೂಪಾಯಿ ಯಾರ್ ಕೊಡ್ತಾರೋ ತಮ್ಮಾ? ಸುಮ್ನ ಹಂಚಿಬಿಡು."

ಮಸಿಅರಿವೆಗೆ ಎಂದಾದ್ರೂ ಬೆಲೆ ಬಂದಿತ್ತಾ ಅಂತ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ಸುಮಾರು ಇನ್ನೂರು ವರ್ಷ ಹಿಂದಿನ ಬಾಸ್ಟನ್.

1833ರಲ್ಲಿ ಅಲ್ಲಿನ ಕೆಲವು ಹೆಂಗಸರು ಗುಲಾಮಗಿರಿ ವಿರೋಧಿ ಮಹಿಳಾ ಸಂಘ ಕಟ್ಟಿದರು, ಅದರಲ್ಲಿ ಬಿಳಿಯರೂ ಕರಿಯರೂ ಒಟ್ಟಿಗೆ ಕೂರ್ತಾ ಇದ್ದರು. ಹೀಗೆ ಒಟ್ಟಿಗೆ ಕೂರೋದೇ ಆಗ ಬಹಳ ಜನರ ಕಣ್ಣಿಗೆ ದೊಡ್ಡ ತಪ್ಪು. ಕೆಲಸಕ್ಕೆ ದುಡ್ಡು ಬೇಕು: ಭಾಷಣಕಾರರನ್ನು ಊರೂರಿಗೆ ಕಳಿಸಬೇಕು, ಪತ್ರಿಕೆ ಅಚ್ಚು ಹಾಕಿಸಬೇಕು. ಹೆಂಗಸರಿಗೆ ಓಟಿಲ್ಲ, ಮದುವೆಯಾದವಳ ಆಸ್ತಿ ಗಂಡನ ಕೈಯಲ್ಲಿ. ತಮ್ಮದು ಅಂತ ಇದ್ದದ್ದು ಸೂಜಿ, ದಾರ. ಹಾಗಾಗಿ 1834ರ ಡಿಸೆಂಬರಿನಲ್ಲಿ, ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಮುಂದಾಗಿ, ಕೈಹೊಲಿಗೆ ಸಾಮಾನಿನ ಮೇಳ ಮಾಡಿದರು. ಆಮೇಲೆ ಮರಿಯಾ ವೆಸ್ಟನ್ ಚಾಪ್‌ಮನ್ ಅದನ್ನು ವರ್ಷವರ್ಷವೂ ಬೆಳೆಸಿದಳು. ಗುಲಾಮಗಿರಿ ವಿರೋಧದ ಚಳವಳಿಗೆ ಹಣ ಬರೋ ದೊಡ್ಡ ದಾರಿಗಳಲ್ಲಿ ಈ ಮೇಳವೂ ಒಂದಾಯ್ತು.

ಅಲ್ಲಿ ಮಾರಾಟಕ್ಕಿದ್ದ ಸಾಮಾನು ನೋಡಿ. ಲೇಖನಿಯ ಶಾಯಿ ಒರೆಸೋ ಬಟ್ಟೆ, ಅದರ ಮೇಲೆ ಗುಲಾಮಗಿರಿಯ ಕಲೆ ಒರೆಸಿಹಾಕಿ ಅನ್ನೋ ಅರ್ಥದ ಮಾತು. ಸೂಜಿ ಇಡೋ ಪಟ್ಟಿ, ಅದರ ಮೇಲೆ ನಮ್ಮ ಸೂಜಿ ಅವರ ಆತ್ಮಸಾಕ್ಷಿಯನ್ನು ಚುಚ್ಚಲಿ ಅಂತ. ಇನ್ನು ಒಲೆಯ ಮೇಲಿನ ಕೆಟಲ್ ಹಿಡಿಯೋ ಬಟ್ಟೆ. ಅದರ ಮೇಲೆ: "ಎನಿ ಹೋಲ್ಡರ್ ಬಟ್ ಎ ಸ್ಲೇವ್‌ಹೋಲ್ಡರ್". ಯಾವ ಹೋಲ್ಡರ್ ಆದ್ರೂ ಆಗಲಿ, ಗುಲಾಮರನ್ನು ಹಿಡಿದಿಟ್ಟುಕೊಂಡವನು ಮಾತ್ರ ಬೇಡ. ಕನ್ನಡಕ್ಕೆ ತಂದ್ರೆ ಚಮತ್ಕಾರ ಸತ್ತೇ ಹೋಗುತ್ತೆ, ಕ್ಷಮಿಸಿ.

ನನಗೆ ಇದು ಬಹಳ ಜಾಣ ಕೆಲಸ ಅನ್ನಿಸ್ತು. ಕರಪತ್ರ ಕೊಟ್ರೆ ಗಂಡಸು ಓದದೇ ಒಲೆಗೆ ಹಾಕಬಹುದು. ಈ ಬಟ್ಟೆಯನ್ನು ಒಲೆಗೆ ಹಾಕೋರು ಯಾರು? ಅದು ದಿನಕ್ಕೆ ಮೂರು ಹೊತ್ತು ಕೈಗೆ ಬರುತ್ತೆ.

ಇದೆಲ್ಲ ಸುಲಭಕ್ಕೆ ಆದದ್ದೂ ಅಲ್ಲ. 1835ರ ಅಕ್ಟೋಬರ್ 21ರಂದು ಸಂಘದ ಸಭೆಗೆ ಸಾವಿರಾರು ಜನ ಮುತ್ತಿಗೆ ಹಾಕಿದರು. ಅವರು ಹುಡುಕ್ತಾ ಇದ್ದದ್ದು ಜಾರ್ಜ್ ಥಾಂಪ್ಸನ್ ಅನ್ನೋ ಇಂಗ್ಲಿಷ್ ಭಾಷಣಕಾರನನ್ನು. ಅವನು ಅಲ್ಲಿರಲಿಲ್ಲ. ಮೇಯರ್ ಬಂದು, ಮನೆಗೆ ಹೋಗಿ ಅಂದ. ಹೆಂಗಸರು ಕೈ ಕೈ ಹಿಡಿದು, ಬಿಳಿಯವಳ ಜೊತೆ ಕರಿಯವಳು, ಜೋಡಿ ಜೋಡಿಯಾಗಿ ಆ ಗುಂಪಿನ ನಡುವೆಯೇ ನಡೆದು ಚಾಪ್‌ಮನ್ ಮನೆಗೆ ಹೋಗಿ ಸಭೆ ಮುಂದುವರಿಸಿದರು. ಗುಂಪು ಪತ್ರಿಕೆಯ ಸಂಪಾದಕ ಗ್ಯಾರಿಸನ್‌ನನ್ನು ಹಿಡಿದು, ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದಾಡಿತು.

ಆದ್ರೆ ಆ ಮೇಳದಲ್ಲೇ ಒಂದು ಮುಳ್ಳಿತ್ತು. ಅಮೆರಿಕದ ಕಾಟನ್ ಬಟ್ಟೆಗೆ ಹತ್ತಿ ಬರ್ತಾ ಇದ್ದದ್ದು ದಕ್ಷಿಣದ ರಾಜ್ಯಗಳಿಂದ, ಅದನ್ನು ಬಿಡಿಸ್ತಾ ಇದ್ದವರು ಗುಲಾಮರು. ಅಂದ್ರೆ ಗುಲಾಮಗಿರಿ ಬೇಡ ಅಂತ ಹೊಲಿದ ಬಟ್ಟೆಯ ಎಳೆಯೇ ಗುಲಾಮರ ಕೈಯಿಂದ ಬಂದದ್ದು. ಇದು ಅವರಿಗೂ ಗೊತ್ತಿತ್ತು. ಕೆಲವರು, ಅದರಲ್ಲೂ ಕ್ವೇಕರ್ ಪಂಥದವರು, ಗುಲಾಮರು ಮುಟ್ಟದ ಹತ್ತಿ, ಸಕ್ಕರೆ ಮಾತ್ರ ಮಾರೋ ಅಂಗಡಿ ತೆರೆದರು. ರೇಟು ಜಾಸ್ತಿ, ಮಾಲು ಒರಟು, ವ್ಯಾಪಾರ ಕುದುರಲಿಲ್ಲ.

ಇಲ್ಲಿಂದ ಕಥೆ ನಮ್ಮೂರ ಕಡೆ ತಿರುಗುತ್ತೆ. ಬಾಸ್ಟನ್ನಿನಲ್ಲಿ ತಪ್ಪಿಸಿಕೊಂಡ ಅದೇ ಥಾಂಪ್ಸನ್ ಇಂಗ್ಲೆಂಡಿಗೆ ವಾಪಸಾಗಿ, 1839ರಲ್ಲಿ ಬ್ರಿಟಿಷ್ ಇಂಡಿಯಾ ಸೊಸೈಟಿ ಕಟ್ಟೋದ್ರಲ್ಲಿ ಮುಂದೆ ನಿಂತ. ಅವನ ವಾದ ಇಷ್ಟು: ಭಾರತದ ರೈತ ಗುಲಾಮನಲ್ಲ. ಅವನ ಭೂಕಂದಾಯ ಇಳಿಸಿ, ಅವನ ಹತ್ತಿ ಕೊಳ್ಳಿ. ಅಮೆರಿಕದ ಗುಲಾಮಗಿರಿ ತಾನಾಗೇ ದಿವಾಳಿ ಆಗುತ್ತೆ.

ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದದ್ದು ಹತ್ತಿ ಮಾತ್ರ. 1840ರಲ್ಲಿ ಅದು ಭಾರತಕ್ಕೆ ಹತ್ತಿ ಕಲಿಸೋಕೆ ಅಮೆರಿಕದಿಂದ ಹತ್ತು ಜನರನ್ನು ಕರೆಸಿತು. ಎಲ್ಲಿಂದ ಅಂತೀರಿ? ಅದೇ ಗುಲಾಮರ ತೋಟಗಳಿದ್ದ ದಕ್ಷಿಣದಿಂದ! ಬಹಳ ಕಡೆ ಅವರ ಪ್ರಯೋಗ ನೆಲಕಚ್ಚಿತು. ನ್ಯೂ ಆರ್ಲಿಯನ್ಸ್ ಬೀಜ ಚೆನ್ನಾಗಿ ಹಿಡಿದದ್ದು ಧಾರವಾಡದ ಎರೆಮಣ್ಣಿನಲ್ಲಿ. ಹುಬ್ಬಳ್ಳಿ, ಗದಗ ಕಡೆಯ ಆ ಹತ್ತಿಗೆ ಮಾರುಕಟ್ಟೆಯಲ್ಲಿ ಧಾರವಾಡ-ಅಮೆರಿಕನ್ ಅಂತಲೇ ಹೆಸರು ಬಿತ್ತು. ನಮ್ಮ ಜವಾರಿ ಹತ್ತಿಗೆ ಕುಮಟಾ ಅಂತ ಹೆಸರು, ಯಾಕಂದ್ರೆ ಅದು ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿ ರೇಟು ಆಕಾಶಕ್ಕೇರಿತು. 1865ರಲ್ಲಿ ಯುದ್ಧ ಮುಗೀತು, ಗುಲಾಮಗಿರಿಯೂ ಹೋಯ್ತು, ರೇಟು ಬಿತ್ತು. ಥಾಂಪ್ಸನ್ ಇಳಿಸಿ ಅಂದಿದ್ದ ಕಂದಾಯ ಇಳಿಯಲಿಲ್ಲ. ನಾನೀಗ ಇರೋ ಈ ಪುಣೆ ಜಿಲ್ಲೆಯ ಸುಪೆಯಲ್ಲಿ 1875ರ ಮೇ ತಿಂಗಳಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. ಅದಕ್ಕೆ ಕಾರಣಗಳು ಹಲವು, ಹತ್ತಿ ರೇಟಿನ ಕುಸಿತವೂ ಅದರಲ್ಲೊಂದು.

ಮೇಳದ ಹಿಂದಿನ ರಾತ್ರಿ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಬಾಸ್ಟನ್, ಮೇಯರ್ ಯಾವುದಕ್ಕೂ ಅವಳು ಏನೂ ಅನ್ನಲಿಲ್ಲ. ಹತ್ತಿ ಬಿಡಿಸೋ ಮಾತು ಬಂದಾಗ ಕೈಯಲ್ಲಿದ್ದ ಹೋಲ್ಡರ್ ಕೆಳಗಿಟ್ಟಳು.

"ನಾನೂ ಹೋಗೀನಿ ಹತ್ತಿ ಬಿಡಸಾಕ, ನಿಮ್ಮಜ್ಜಿ ಸಂಗಾಟ. ಸಂಜಿಕ ಬೆರಳೆಲ್ಲಾ ಗೀರಿ ರಗತ ಬರ್ತಿತ್ತು. ಕೂಲಿ ಮಾತ್ರ ತೂಕದ ಮ್ಯಾಲೆ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಚೀಟಿ ಮ್ಯಾಲೆ ಎಷ್ಟು ಬರದೀ ಅಂದಿ?"

"ಐವತ್ತು."

"ಅರವತ್ತು ಬರಿ."

18 ಮಾರಾಟವಾದವು. ಉಳಿದ 6ರಲ್ಲಿ ಎರಡನ್ನು ಕೆಲಸಕ್ಕೆ ಬರೋ ಮಾವಶಿಗೆ ಕೊಟ್ಟು, ನಾಲ್ಕನ್ನು ಅವ್ವ ಗದಗಿಗೆ ತಗೊಂಡು ಹೋದಳು.