ಗಾಜಿಗೆ ತೂತು: ಡ್ರಿಲ್ ಎಡಕ್ಕೋ, ಬಲಕ್ಕೋ?

ಇವತ್ತಿನ ಪ್ರಶ್ನೆ ತುಂಬಾ ಚಿಕ್ಕದು. ಗಾಜಿಗೆ ತೂತು ಕೊರೆಯುವಾಗ ಡ್ರಿಲ್ ಯಾವ ಕಡೆ ತಿರುಗಬೇಕು? ಮಾಮೂಲಿನಂತೆ ಬಲಕ್ಕಾ, ಇಲ್ಲಾ ರಿವರ್ಸ್‌ಗೆ ಹಾಕಬೇಕಾ? ಈ ಕೆಲಸ ಮಾಡೋರನ್ನ ಕೇಳಿ ನೋಡಿ. ಒಬ್ಬರು "ರಿವರ್ಸ್‌ಗೆ ಹಾಕಿ ಸಾರ್, ಗಾಜು ಒಡೆಯಲ್ಲ" ಅಂತಾರೆ, ಪಕ್ಕದ ಅಂಗಡಿಯವರು "ಅದೆಲ್ಲ ಸುಮ್ನೆ ಹೇಳ್ತಾರೆ" ಅಂತಾರೆ. ಯಾರು ಸರಿ ಅಂತ ಹುಡುಕ್ತಾ ಹೊರಟ ನಾನು ಬಂದು ನಿಂತಿದ್ದು ಹರಪ್ಪ ಕಾಲದ ಮಣಿಗಳ ಮುಂದೆ.

ಡ್ರಿಲ್‌ಗೆ ಒಂದೇ ದಿಕ್ಕು ಇರಬೇಕು ಅನ್ನೋದು ಇತಿಹಾಸದಲ್ಲಿ ಬಹಳ ಹೊಸ ವಿಚಾರ. ಸಾವಿರಾರು ವರ್ಷ ಮನುಷ್ಯರು ಎರಡೂ ಕಡೆ ತಿರುಗಿಸಿಯೇ ತೂತು ಕೊರೆದಿದ್ದಾರೆ, ಅದೂ ಗಾಜಿಗಿಂತ ಗಟ್ಟಿ ಕಲ್ಲುಗಳಲ್ಲಿ.

ಅಜ್ಜಿ ಮನೆಯಲ್ಲಿ ಕಂಬಕ್ಕೆ ಕಟ್ಟಿದ ಕಡೆಗೋಲು ನೋಡಿದ್ದೀರಾ? ಹಗ್ಗದ ಒಂದು ತುದಿ ಎಳೆದರೆ ಕೋಲು ಬಲಕ್ಕೆ ತಿರುಗುತ್ತೆ, ಇನ್ನೊಂದು ತುದಿ ಎಳೆದರೆ ಎಡಕ್ಕೆ. ನೋಡಿಲ್ಲ ಅಂದ್ರೆ ಸಮುದ್ರಮಥನದ ಚಿತ್ರ ನೆನಪಿಸಿಕೊಳ್ಳಿ. ವಾಸುಕಿಯ ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು. ಒಂದೇ ಕಡೆಯವರು ಎಳೀತಾ ಇದ್ದಿದ್ರೆ ಹಾವು ಪೂರ್ತಿ ಅವರ ಕೈಗೇ ಬಂದು ಕಡೆಯೋದು ನಿಂತುಹೋಗ್ತಿತ್ತು! ಈಗ ಆ ಹಗ್ಗದ ಎರಡು ತುದಿಯನ್ನ ಒಂದು ಬಿಲ್ಲಿಗೆ ಕಟ್ಟಿ, ಕೋಲಿನ ತುದಿಗೆ ಗಟ್ಟಿ ಕಲ್ಲು ಕೂರಿಸಿ. ಬಿಲ್ಲನ್ನ ಗರಗಸದ ಹಾಗೆ ಹಿಂದೆ ಮುಂದೆ ಎಳೆದರೆ ಕೋಲು ಬಲಕ್ಕೊಮ್ಮೆ, ಎಡಕ್ಕೊಮ್ಮೆ ಸುತ್ತುತ್ತೆ. ಇದೇ ಬಿಲ್ಲು ಬೈರಿಗೆ.

ಇದು ಎಷ್ಟು ಹಳೇದು? ಈಗಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಮೆಹರ್‌ಗಢ ಅಂತ ಒಂದು ನೆಲೆ ಇದೆ. ಅಲ್ಲಿನ ಸಮಾಧಿಗಳಲ್ಲಿ ಸಿಕ್ಕ 9 ಜನರ 11 ದವಡೆ ಹಲ್ಲುಗಳಲ್ಲಿ ಕೊರೆದ ತೂತುಗಳಿವೆ ಅಂತ 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು. ಕಾಲ, ಇವತ್ತಿಗೆ ಸುಮಾರು 7,500ರಿಂದ 9,000 ವರ್ಷ ಹಿಂದೆ. ಕೊರೆದಾಗ ಅವರು ಬದುಕಿದ್ದರು, ಯಾಕಂದ್ರೆ ತೂತಿನ ಅಂಚು ಅಗಿದು ಅಗಿದು ಸವೆದಿದೆ. ಮಣಿ ಕೊರೆಯುವ ಕೈಚಳಕವೇ ಹಲ್ಲಿಗೂ ಬಂದಿರಬೇಕು ಅನ್ನೋದು ಸಂಶೋಧಕರ ಊಹೆ. ಅರಿವಳಿಕೆ ಇಲ್ಲದ ಕಾಲ. ಯೋಚನೆ ಮಾಡಿದ್ರೇನೇ ನನ್ನ ಹಲ್ಲು ಜುಮ್ ಅನ್ನುತ್ತೆ.

ಸಿಂಧೂ ನಾಗರಿಕತೆಯ ಹೊತ್ತಿಗೆ ಇದು ಅದ್ಭುತ ವಿದ್ಯೆಯಾಗಿ ಬೆಳೆದಿತ್ತು. ಕಾರ್ನೀಲಿಯನ್ ಅನ್ನೋ ಕೆಂಪು ಕಲ್ಲಿನ ಉದ್ದುದ್ದ ಮಣಿಗಳು ಇಲ್ಲಿಂದ ಮೆಸಪೊಟೇಮಿಯಾದ ಊರ್ ನಗರದ ರಾಜಸಮಾಧಿಗಳವರೆಗೂ ಹೋಗಿವೆ. ಕರಾಚಿ ಹತ್ತಿರದ ಅಲ್ಲಾದಿನೋದಲ್ಲಿ ಅಂಥ 36 ಮಣಿಗಳ ಒಂದು ಸೊಂಟಪಟ್ಟಿಯೇ ಸಿಕ್ಕಿದೆ. ಕಾರ್ನೀಲಿಯನ್ ಗಟ್ಟಿತನದಲ್ಲಿ ಸುಮಾರು 7, ನಮ್ಮ ಕಿಟಕಿ ಗಾಜು ಸುಮಾರು 5.5. ಅಂದ್ರೆ ಅವರ ಕೆಲಸ ನಮ್ಮದಕ್ಕಿಂತ ಕಷ್ಟದ್ದು.

ಅವರ ಡ್ರಿಲ್ ಬಿಟ್ ಹೇಗಿತ್ತು? 1935-36ರಲ್ಲಿ ಚನ್ಹುದಾರೋದಲ್ಲಿ ಉತ್ಖನನ ಮಾಡಿದ ಅರ್ನೆಸ್ಟ್ ಮೆಕೆಗೆ ಕಲ್ಲಿನ ಪುಟ್ಟ ಕಡ್ಡಿಗಳು ಸಿಕ್ಕವು. ಆ ಕಲ್ಲಿಗೆ ಆಮೇಲೆ ಸಂಶೋಧಕರು ಅವರ ಹೆಸರಿನಲ್ಲೇ 'ಅರ್ನೆಸ್ಟೈಟ್' ಅಂತ ಹೆಸರಿಟ್ಟರು. ಕಡ್ಡಿಯ ತುದಿ ಸ್ವಲ್ಪ ದಪ್ಪ, ಅದರ ಹಿಂದೆ ಸೊಂಟದ ಹಾಗೆ ಸಣ್ಣ. ಹೀಗಿದ್ದರೆ ತೂತಿನೊಳಗೆ ಸಿಕ್ಕಿಹಾಕಿಕೊಳ್ಳಲ್ಲ. ಮುಖ್ಯ ವಿಷಯ ಏನಂದ್ರೆ, ಅದರಲ್ಲಿ ಸುರುಳಿ ಇಲ್ಲ, ಹರಿತವಾದ ಅಂಚಿಲ್ಲ. ಅದಕ್ಕೆ ಎಡವೂ ಒಂದೇ, ಬಲವೂ ಒಂದೇ. ಪುರಾತತ್ವಜ್ಞ ಜೊನಾಥನ್ ಮಾರ್ಕ್ ಕೆನೊಯರ್ ಪ್ರಯೋಗ ಮಾಡಿ ನೋಡಿದಾಗ ಗಂಟೆಗೆ ಕೊರೆದದ್ದು ಸುಮಾರು 2.5 ಮಿಲಿಮೀಟರ್. ಲೆಕ್ಕ ಹಾಕಿ, 10 ಸೆಂಟಿಮೀಟರ್ ಉದ್ದದ ಒಂದೇ ಮಣಿಗೆ 40 ಗಂಟೆ.

ಅವರು ಒಂದೇ ಕಡೆಯಿಂದ ಪೂರ್ತಿ ಕೊರೀತಾ ಇರಲಿಲ್ಲ. ಅರ್ಧ ಈ ತುದಿಯಿಂದ, ಅರ್ಧ ಆ ತುದಿಯಿಂದ, ನಡುವೆ ಭೇಟಿ. ಯಾಕೆ? ಬಿಟ್ ಆಚೆ ಕಡೆ ಹೊರಬರುವ ಕ್ಷಣದಲ್ಲೇ ಕಲ್ಲಿನ ಕೊನೇ ಪದರ ಚಕ್ಕೆ ಎದ್ದು ಹೋಗುತ್ತೆ. ಗಾಜಿನ ಕಥೆಯೂ ಇದೇ. ಒಳ್ಳೆ ಕೆಲಸದವರು ಇವತ್ತಿಗೂ ಗಾಜನ್ನ ತಿರುಗಿಸಿ ಹಿಂದಿನಿಂದ ಕೊರೆದು ಮುಗಿಸ್ತಾರೆ, ಇಲ್ಲಾ ಕೆಳಗೆ ಮರದ ಹಲಗೆ ಕೊಟ್ಟು ಕೊನೆಯಲ್ಲಿ ಕೈ ಹಗುರ ಮಾಡ್ತಾರೆ.

ಈಜಿಪ್ಟ್ ಬಗ್ಗೆ ಹೇಳದಿದ್ರೆ ನೀವು ಕಾಮೆಂಟ್‌ನಲ್ಲಿ ಕೇಳೇ ಕೇಳ್ತೀರಿ. ಯೂಟ್ಯೂಬ್‌ನಲ್ಲಿ "ಪಿರಮಿಡ್ ಕಾಲದಲ್ಲೇ ಪವರ್ ಡ್ರಿಲ್ ಇತ್ತು" ಅನ್ನೋ ವಿಡಿಯೋಗಳು ಬರ್ತಾವಲ್ಲ, ಅವುಗಳ ಮೂಲ ಫ್ಲಿಂಡರ್ಸ್ ಪೆಟ್ರಿ 1883ರಲ್ಲಿ ಪ್ರಕಟಿಸಿದ ಪುಸ್ತಕ. ಗೀಜಾದಲ್ಲಿ ಸಿಕ್ಕ ಗ್ರಾನೈಟ್ ತಿರುಳೊಂದರ ಮೇಲೆ ಸುರುಳಿ ಗೀರು ಇದೆ ಅಂತ ಪೆಟ್ರಿ ಬರೆದರು. ಸುರುಳಿ ಅಂದ್ರೆ ಒಂದೇ ದಿಕ್ಕಿನ ಸುತ್ತು. ಒಂದೇ ದಿಕ್ಕು ಅಂದ್ರೆ ಯಂತ್ರ. ವಿಡಿಯೋದವರಿಗೆ ಅಷ್ಟು ಸಾಕಾಯ್ತು. ಆದ್ರೆ ಅದೇ ತಿರುಳನ್ನ ನೋಡಿದ ಬೇರೆಯವರಿಗೆ ಕಂಡಿದ್ದು ಸುರುಳಿ ಅಲ್ಲ, ಬಳೆ ಜೋಡಿಸಿದ ಹಾಗೆ ಬಿಡಿ ಬಿಡಿ ಉಂಗುರಗಳು. 1983ರಲ್ಲಿ ಗೊರೆಲಿಕ್ ಮತ್ತು ಗ್ವಿನೆಟ್ ಅನ್ನೋ ಇಬ್ಬರು ಸೂಕ್ಷ್ಮದರ್ಶಕ ಇಟ್ಟುಕೊಂಡು ಈ ಗೀರುಗಳನ್ನ ಪರೀಕ್ಷಿಸಿದರು. ತಾಮ್ರದ ಕೊಳವೆಯ ಜೊತೆ ಎಮರಿ ಪುಡಿಯನ್ನ ನೀರು ಅಥವಾ ಎಣ್ಣೆಯಲ್ಲಿ ಕಲಸಿ ಕೊರೆದಾಗ ಅಂಥದೇ ಉಂಗುರ ಗೀರುಗಳು ಬಂದವು. ಅಂದಹಾಗೆ ಇಬ್ಬರದೂ ದಂತವೈದ್ಯಕೀಯದ ಹಿನ್ನೆಲೆ. ಕೊರೆಯೋದರ ಬಗ್ಗೆ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ? ಡೆನಿಸ್ ಸ್ಟಾಕ್ಸ್ ಅನ್ನೋ ಇನ್ನೊಬ್ಬರು 1999ರಲ್ಲಿ ಆಸ್ವಾನ್‌ಗೆ ಹೋಗಿ ಬಿಲ್ಲು, ತಾಮ್ರದ ಕೊಳವೆ, ಮರಳು ಬಳಸಿ ಗ್ರಾನೈಟ್ ಕೊರೆದು ತೋರಿಸಿದರು. ಪುಡಿ ಯಾವುದಿತ್ತು, ಮರಳೋ ಎಮರಿಯೋ ಅನ್ನೋ ಜಗಳ ಮುಗಿದಿಲ್ಲ. ಪವರ್ ಡ್ರಿಲ್ ಮಾತ್ರ ಬೇಕಾಗಿರಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಗಂಧದ ಕೊರಡನ್ನ ಸಾಣೆಕಲ್ಲಿನ ಮೇಲೆ ಬಲಕ್ಕೆ ತೇದರೂ ಗಂಧ ಬರುತ್ತೆ, ಎಡಕ್ಕೆ ತೇದರೂ ಬರುತ್ತೆ. ಆದ್ರೆ ಪೆನ್ಸಿಲ್ ಶಾರ್ಪನರ್ ಉಲ್ಟಾ ತಿರುಗಿಸಿ ನೋಡಿ, ಏನೂ ಆಗಲ್ಲ. ಮೊದಲನೇದು ತೇಯೋದು, ಎರಡನೇದು ಹೆರೆಯೋದು. ಕಲ್ಲು, ಗಾಜು ಎರಡೂ ಪೆಡಸು ವಸ್ತುಗಳು. ಅವನ್ನ ಕಬ್ಬಿಣದ ಹಾಗೆ ಹೆರೆಯೋಕೆ ಆಗಲ್ಲ, ಕಣ ಕಣವಾಗಿ ಪುಡಿ ಮಾಡಿ ತೇಯಬೇಕು. ತೇಯೋದಕ್ಕೆ ದಿಕ್ಕಿನ ಹಂಗಿಲ್ಲ.

ಹಾಗಾದ್ರೆ ದಿಕ್ಕು ಬಂದಿದ್ದು ಎಲ್ಲಿಂದ? ಲೋಹದಿಂದ, ಅದರಲ್ಲೂ ಬಂದೂಕಿನಿಂದ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಬಂದೂಕಿನ ಒಂದು ಸಣ್ಣ ಭಾಗಕ್ಕೆ ತೂತು ಕೊರೆಯೋಕೆ ಸುರುಳಿ ಡ್ರಿಲ್ ಬಿಟ್‌ಗಳು ರಾಶಿಗಟ್ಟಲೆ ಬೇಕಾದವು. ಸುರುಳಿಯನ್ನ ಕಾರ್ಮಿಕರು ಕೈಯಲ್ಲಿ ಅರ ಹಿಡಿದು ಉಜ್ಜುತ್ತಿದ್ದರು. ಆ ಕೆಲಸಕ್ಕಂತಲೇ ಜೋಸೆಫ್ ಬ್ರೌನ್ 1862ರಲ್ಲಿ ಒಂದು ಮಿಲ್ಲಿಂಗ್ ಯಂತ್ರ ಮಾಡಿದರು. ಮರುವರ್ಷ, 1863ರಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಟೀಫನ್ ಮೋರ್ಸ್ ಸುರುಳಿ ಬಿಟ್‌ಗೆ ಪೇಟೆಂಟ್ ಪಡೆದರು. ನಿಮ್ಮ ಮನೆಯ ಡ್ರಿಲ್‌ನಲ್ಲಿರೋದು ಅದೇ ವಂಶದ ಬಿಟ್. ಬಲಕ್ಕೆ ತಿರುಗಿದರೆ ಅಂಚು ಲೋಹವನ್ನ ಹೆರೆಯುತ್ತೆ, ಸುರುಳಿ ಆ ಹೊಟ್ಟನ್ನ ಮೇಲಕ್ಕೆ ತರುತ್ತೆ. ಎಡಕ್ಕೆ ತಿರುಗಿದರೆ ಅಂಚು ಸುಮ್ನೆ ಉಜ್ಜುತ್ತೆ. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ತಂದ ಮೇಲೆ ಬಿಲ್ಲು ಮೂಲೆ ಸೇರ್ತು, ಒಂದೇ ದಿಕ್ಕು ನಿಯಮವಾಯ್ತು.

ಈಗ ಅಂಗಡಿಯವರ ಜಗಳ ಬಿಡಿಸಬಹುದು. ರಿವರ್ಸ್ ಅನ್ನೋರ ಮಾತಿನಲ್ಲಿ ಅರ್ಥ ಇದೆ, ಆದ್ರೆ ಅದು ಗೋಡೆ ಕೊರೆಯುವ ಕಾರ್ಬೈಡ್ ತುದಿಯ ಬಿಟ್‌ಗೆ ಮಾತ್ರ. ಅದನ್ನ ಉಲ್ಟಾ ತಿರುಗಿಸಿದರೆ ಅಂಚು ಗಾಜನ್ನ ಕಚ್ಚಲ್ಲ, ತೇಯುತ್ತೆ, ಹಾಗಾಗಿ ಶುರುವಿನಲ್ಲೇ ಚಕ್ಕೆ ಏಳೋದು ಕಡಿಮೆ. ಹರಪ್ಪದವರು ಮಾಡಿದ್ದನ್ನೇ ತಪ್ಪು ಬಿಟ್‌ನಿಂದ ಮಾಡಿಸೋ ಉಪಾಯ ಇದು. ವಜ್ರದ ಪುಡಿ ಅಂಟಿಸಿದ ಕೊಳವೆ ಬಿಟ್ ಆದ್ರೆ ಯಾವ ಕಡೆ ತಿರುಗಿದರೂ ಒಂದೇ. ಅದು ಈಜಿಪ್ಟಿನ ತಾಮ್ರದ ಕೊಳವೆಯ ಮೊಮ್ಮಗ ತಾನೇ? ಭರ್ಜಿ ಮೂತಿಯ ಗಾಜಿನ ಬಿಟ್‌ಗೆ ಮಾಮೂಲಿ ದಿಕ್ಕು ಸಾಕು. ಹ್ಯಾಮರ್ ಮೋಡ್ ಮಾತ್ರ ಯಾವತ್ತೂ ಬೇಡ. ಮತ್ತೆ, ಟಫನ್ಡ್ ಗ್ಲಾಸ್‌ಗೆ ಯಾವ ದಿಕ್ಕೂ ಇಲ್ಲ. ಮುಟ್ಟಿದ ಸ್ವಲ್ಪ ಹೊತ್ತಿಗೆ ಇಡೀ ಹಾಳೆ ಚೂರು ಚೂರು. ಅದಕ್ಕೆ ತೂತು ಮೊದಲು, ಗಟ್ಟಿ ಮಾಡೋದು ಆಮೇಲೆ. ಹೋಮ್ ಬಟನ್ ಇದ್ದ ಕಾಲದ ಫೋನ್‌ಗಳ ಗಾಜಿನಲ್ಲಿದ್ದ ತೂತೂ ಹಾಗೇ ಆಗಿದ್ದು.

ನಿಜ ಹೇಳಬೇಕಂದ್ರೆ, ದಿಕ್ಕಿಗಿಂತ ನೀರಿನ ಬಗ್ಗೆ ಕೇಳೋದು ಒಳ್ಳೇದು. ತೇದರೆ ಬಿಸಿಯಾಗುತ್ತೆ, ಒಂದೇ ಜಾಗ ಬಿಸಿಯಾದ ಗಾಜು ಬಿರುಕು ಬಿಡುತ್ತೆ. ಗುಜರಾತಿನ ಖಂಬಾತ್‌ನಲ್ಲಿ ಮಣಿ ಕೊರೆಯುವವರ ಬಿಲ್ಲು ಬೈರಿಗೆಯ ತುದಿಯಲ್ಲಿ ವಜ್ರದ ಎರಡು ಪುಟ್ಟ ಚೂರು ಇರುತ್ತೆ, ಮಣಿಯ ಮೇಲೆ ನೀರು ತೊಟ್ಟಿಕ್ಕುತ್ತಾ ಇರುತ್ತೆ. ನೀರು ಧೂಳನ್ನೂ ಹಿಡಿಯುತ್ತೆ. ಅದೇ ಊರಿನಲ್ಲಿ ಅಕೀಕು ಕಲ್ಲನ್ನ ಒಣದಾಗಿ ಯಂತ್ರದ ಚಕ್ರಕ್ಕೆ ಹಿಡಿದು ಉಜ್ಜುವ ಕಾರ್ಮಿಕರಿಗೆ ಸಿಲಿಕೋಸಿಸ್ ಬಂದಿದೆ. ಕಲ್ಲಿನ ಧೂಳು ಶ್ವಾಸಕೋಶವನ್ನ ಗಟ್ಟಿ ಮಾಡುವ ಕಾಯಿಲೆ, ವಾಸಿ ಮಾಡೋ ಔಷಧಿ ಇಲ್ಲ. ಕಿಟಕಿ ಗಾಜಿನ ಧೂಳು ಅಷ್ಟು ಕೆಟ್ಟದ್ದಲ್ಲ. ಆದ್ರೆ ನಮ್ಮ ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ನಲ್ಲಿಯ ತೂತು ಕೊರೆಯುವಾಗ ಏಳುವ ಬಿಳಿ ಧೂಳಿನಲ್ಲಿ ಆ ಸಿಲಿಕಾ ಇದೆ. ಮನೆಗೆ ಕೆಲಸಕ್ಕೆ ಬಂದ ಅಣ್ಣ ಒಣದಾಗಿ ಕೊರೀತಿದ್ರೆ ಒಂದು ಬಾಟಲಿ ನೀರು, ಒಂದು ಮಾಸ್ಕ್ ಕೊಡಿ. ನಾನು ಮುಂದಿನ ವಾರ ಸಿಗ್ತೀನಿ.