ಅಂಕಿ ತಪ್ಪಿದರೆ ಹೊಲ ತಪ್ಪೀತು

ರಾಯಚೂರು ಜಿಲ್ಲೆಯ ರೈತನಿಗೆ ಪಹಣಿ ಬರಿಯ ಕಾಗದವಲ್ಲ. ಬ್ಯಾಂಕಿನ ಸಾಲ, ಅಣ್ಣತಮ್ಮಂದಿರ ಪಾಲು, ಹೊಲದ ಮಾರಾಟ, ಎಲ್ಲಕ್ಕೂ ಅದು ಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿಯಲ್ಲಾಗಲಿ, ನಾರಾಯಣಪುರ ಬಲದಂಡೆ ಕಾಲುವೆ ಹಾಯುವ ದೇವದುರ್ಗದಲ್ಲಾಗಲಿ ಒಂದು ಗುಂಟೆಯ ವ್ಯತ್ಯಾಸ ಜಗಳಕ್ಕೆ ಸಾಕು.

ಇಲ್ಲಿನ ಭೂದಾಖಲೆಗಳು ಹಲವು ಕೈ ದಾಟಿ ಬಂದಿವೆ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತದ ಭಾಷೆ ಉರ್ದು. ಉರ್ದುವಿನಿಂದ ಕನ್ನಡಕ್ಕೆ, ಹಳೆಯ ಪುಸ್ತಕದಿಂದ ಹೊಸದಕ್ಕೆ ನಕಲು ಮಾಡುವಾಗಲೆಲ್ಲ ಕೈತಪ್ಪಿನ ಭಯವಿತ್ತು. ಅದನ್ನು ಹಿಡಿಯುವ ಉಪಾಯ ಒಂದೇ: ಮೂಲದೊಂದಿಗೆ ತಾಳೆ ನೋಡುವುದು.

ನಂತರ ಬಂದದ್ದು 'ಭೂಮಿ' ಯೋಜನೆ. 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆದರೆ ನಕಲು ಮಾಡುವ ಕೆಲಸ ಅಲ್ಲಿಗೇ ನಿಲ್ಲಲಿಲ್ಲ, ಯಂತ್ರದೊಳಗೆ ಮುಂದುವರಿಯಿತು. ಕಡತ ತೆರೆದಾಗಲೆಲ್ಲ ಹಾರ್ಡ್ ಡಿಸ್ಕಿನಲ್ಲಿರುವ ಮಾಹಿತಿ ಕೇಬಲ್ ಮೂಲಕ ಸ್ಮೃತಿಕೋಶಕ್ಕೆ ನಕಲಾಗುತ್ತದೆ.

1990ರ ದಶಕದ ಸಾಮಾನ್ಯ ಗಣಕಯಂತ್ರಗಳಲ್ಲಿ ಈ ಸಾಗಣೆಗೆ ಎರಡು ದಾರಿಗಳಿದ್ದವು. 'ಪಿಐಓ' ಪದ್ಧತಿಯಲ್ಲಿ ಪ್ರತಿ ತುಣುಕನ್ನೂ ಪ್ರೊಸೆಸರೇ ಹೊತ್ತು ಸಾಗಿಸಬೇಕು. ಗರಿಷ್ಠ ವೇಗ ಸೆಕೆಂಡಿಗೆ 16.6 ಮೆಗಾಬೈಟ್. 'ಡಿಎಂಎ' ಪದ್ಧತಿಯಲ್ಲಿ ಮಾಹಿತಿ ನೇರವಾಗಿ ಸ್ಮೃತಿಕೋಶ ಸೇರುತ್ತದೆ, ಪ್ರೊಸೆಸರಿಗೆ ಬಿಡುವು. ಕೇಬಲ್‌ನಲ್ಲಿ ಮಾಹಿತಿ ಕೆಟ್ಟರೆ ಪತ್ತೆಹಚ್ಚುವ ವ್ಯವಸ್ಥೆ ಮೊದಮೊದಲು ಎರಡರಲ್ಲೂ ಇರಲಿಲ್ಲ. ಆ ದಶಕದ ಮಧ್ಯಭಾಗದಲ್ಲಿ ಬಂದ 'ಸಿಎಂಡಿ 640', 'ಆರ್‌ಝಡ್ 1000' ಎಂಬ ನಿಯಂತ್ರಕ ಚಿಪ್‌ಗಳಂತೂ ಸದ್ದಿಲ್ಲದೆ ಮಾಹಿತಿ ಕೆಡಿಸಿ ಕುಖ್ಯಾತವಾದವು.

ಸದ್ದಿಲ್ಲದ ತಪ್ಪೇ ಹೆಚ್ಚು ಅಪಾಯಕಾರಿ. ಆಸ್ಕಿ ಸಂಕೇತದಲ್ಲಿ 3 ಎಂಬ ಅಂಕಿ 00110011. 1 ಎಂಬುದು 00110001. ನಡುವಿನ ಒಂದೇ ಒಂದು ಬಿಟ್ ಬದಲಾದರೆ ಮೂರು ಎಕರೆ ಒಂದು ಎಕರೆಯಾಗುತ್ತದೆ. ಯಂತ್ರ ಕೆಟ್ಟು ನಿಂತರೆ ದುರಸ್ತಿಯಾದೀತು. ಅಚ್ಚುಕಟ್ಟಾಗಿ ಮುದ್ರಿತವಾದ ತಪ್ಪನ್ನು ಯಾರು ಅನುಮಾನಿಸುತ್ತಾರೆ?

1990ರ ದಶಕದ ಕೊನೆಗೆ ಬಂದ 'ಅಲ್ಟ್ರಾ ಡಿಎಂಎ' ವೇಗದ ಜತೆಗೆ ತಾಳೆ ನೋಡುವ ಕ್ರಮವನ್ನೂ ತಂದಿತು. ಕಳುಹಿಸುವ ತುದಿಯೂ ಪಡೆಯುವ ತುದಿಯೂ ಮಾಹಿತಿಯಿಂದ ಒಂದು ಲೆಕ್ಕ ತೆಗೆಯುತ್ತವೆ. ಎರಡೂ ಹೊಂದದಿದ್ದರೆ ಸಾಗಣೆ ಮತ್ತೊಮ್ಮೆ. ಇದೇ 'ಸಿಆರ್‌ಸಿ'. ವೇಗ 66 ಮೆಗಾಬೈಟಿಗೇರಿದಾಗ 40 ತಂತಿಯ ಕೇಬಲ್ ಸಾಲದೆ, ನಡುನಡುವೆ ನೆಲತಂತಿ ಸೇರಿಸಿ 80 ತಂತಿಯದು ಬಂತು. ಹಳೆಯ ಕೇಬಲ್ ಉಳಿಸಿಕೊಂಡರೆ, ಇಲ್ಲವೇ 18 ಅಂಗುಲಕ್ಕಿಂತ ಉದ್ದದ್ದು ಹಾಕಿದರೆ ತೊಂದರೆ ತಪ್ಪಿದ್ದಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಇಂಥ ತಪ್ಪುಗಳು ಆರು ಮೀರಿದರೆ ವೇಗ ಇಳಿಸುತ್ತ ಕೊನೆಗೆ ಪಿಐಓಗೇ ಮರಳುತ್ತಿತ್ತು. ಯಂತ್ರ ಮುದಿಯಾಯಿತೆಂದು ಬೇಸತ್ತವರ ಎಷ್ಟೋ ಗಣಕಗಳಲ್ಲಿ ಕೆಟ್ಟಿದ್ದು ಕೇಬಲ್ ಮಾತ್ರ.

2003ರಿಂದ ಬಂದ 'ಸಾಟಾ' ಡಿಸ್ಕುಗಳು ಆ ಅಗಲ ಕೇಬಲನ್ನು ಮೂಲೆಗೆ ಸರಿಸಿದವು. ತಾಳೆ ನೋಡುವ ಕ್ರಮವನ್ನು ಉಳಿಸಿಕೊಂಡವು. ಆದರೂ ಸಿಆರ್‌ಸಿ ಹೇಳುವುದು ಕಳುಹಿಸಿದ್ದು ಹಾಗೆಯೇ ತಲುಪಿತು ಎಂದಷ್ಟೇ. ಕಳುಹಿಸಿದ್ದೇ ತಪ್ಪಾಗಿದ್ದರೆ ಆ ತಪ್ಪೂ ನಿಷ್ಠೆಯಿಂದ ತಲುಪುತ್ತದೆ. ಮೂಲ ಪುಸ್ತಕದಲ್ಲಿದ್ದ ಸರ್ವೆ ನಂಬರನ್ನು ಪರದೆಯ ಮೇಲಿನದರೊಂದಿಗೆ ಹೋಲಿಸಲು ಇಂದಿಗೂ ಮನುಷ್ಯನ ಕಣ್ಣೇ ಬೇಕು. ಪಹಣಿ ಕೈಗೆ ಬಂದೊಡನೆ ಕೌಂಟರಿನಲ್ಲೇ ನಿಂತು ವಿಸ್ತೀರ್ಣದ ಅಂಕಿ ಓದಿ ನೋಡುವ ರೈತ ಮಾಡುವುದೂ ಇದನ್ನೇ.